ಮೂರು ಸೇತುವೆ, ತೊಂಬತ್ತಾರು ಸಾಲು

"ಹನ್ನೊಂದೂವರೆಯಿಂದ ಹನ್ನೆರಡು: ಸುಮ್ಮನೆ ಕೂರುವುದು" ಎಂದು ಕಿಟ್ಟಿ ಗಂಭೀರವಾಗಿ ಓದಿದ.

ಮೇಷ್ಟ್ರು ಉಪ್ಪಿಟ್ಟಿನ ತಟ್ಟೆಯಿಂದ ತಲೆ ಎತ್ತಿದರು. "ಹನ್ನೆರಡಾದ ಮೇಲೂ ಕೂತಿರೋಣ ಅನ್ನಿಸಿದರೆ?"

"ಆಗುವುದಿಲ್ಲ ಮಾವ. ಹನ್ನೆರಡಕ್ಕೆ ಡ್ರ್ಯಾಗನ್ ಸೇತುವೆ ಇದೆ."

"ಅದು 1901ರಿಂದ ಇದೆ ಎಂದು ಈಗ ತಾನೇ ನೀವೇ ಓದಿದಿರಿ. ಹನ್ನೆರಡೂಕಾಲಿಗೂ ಇರುತ್ತದೆ, ಅಳಿಯಂದಿರೇ."

ಮ್ಯೂನಿಕ್‌ನಲ್ಲಿ ಭಾನುವಾರ ಎಂದರೆ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡಿರುತ್ತವೆ, ಮನೆಯಲ್ಲಿದ್ದುದರಲ್ಲೇ ಆಗಬೇಕು. ಜರ್ಮನ್ ರವೆಗೂ ಫ್ರೀಜರಿನಿಂದ ತೆಗೆದ ಕರಿಬೇವಿಗೂ ಹೊಂದಾಣಿಕೆಯಾಗದೆ ಉಪ್ಪಿಟ್ಟು ಅಂಟಂಟಾಗಿತ್ತು. ಸುಮಾ ಅದಕ್ಕೆ ಮುಖ ಚಿಕ್ಕದು ಮಾಡಿಕೊಂಡಿದ್ದಳು. ಶ್ರೀಪತಿ ಮಾತ್ರ ಮೂರನೆಯ ಸಲ ಬಡಿಸಿಕೊಂಡ. ಬಿಟ್ಟಿ ಸಿಕ್ಕಿದ್ದು ಅಂಟಾದರೂ ಗಂಟಲಿನಲ್ಲಿ ಇಳಿಯುತ್ತದೆ ಎಂಬುದು ಅವನ ಸಿದ್ಧಾಂತ.

ಗೋಡೆಯ ಟಿ.ವಿ.ಯ ತುಂಬಾ ಕಿಟ್ಟಿಯ ಎಕ್ಸೆಲ್ ಹಾಳೆ. ಮುಂದಿನ ತಿಂಗಳು ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾಕ್ಕೆ ಎರಡು ದಿನದ ಪ್ರವಾಸ. ನಲವತ್ತೆಂಟು ಗಂಟೆ, ಅರ್ಧ ಗಂಟೆಗೊಂದು ಸಾಲು, ಒಟ್ಟು ತೊಂಬತ್ತಾರು ಸಾಲು. ನಡಿಗೆಗೆ ಹಸಿರು, ಊಟಕ್ಕೆ ಹಳದಿ, ಫೋಟೊಗೆ ಕೆಂಪು, ನಿದ್ದೆಗೆ ಬೂದು. ಪ್ರತಿ ಸಾಲಿನ ತುದಿಯಲ್ಲಿ 'ಜನ' ಎಂಬ ಒಂದು ಕಾಲಂ, ಟಿಕೆಟ್ಟಿನ ಲೆಕ್ಕಕ್ಕೆ. ನಾವು ಐದು ಜನ. ನಿದ್ದೆಯ ಸಾಲುಗಳಲ್ಲೂ ಐದು ಎಂದೇ ಬರೆದಿದ್ದ. ಯಾರಿಗಾದರೂ ನಿದ್ದೆ ಬಾರದಿದ್ದರೆ ಮೊತ್ತ ತಪ್ಪುತ್ತದೆ.

"ಮೂವತ್ತು ವರ್ಷ ಗಂಟೆ ಹೊಡೆದಾಗಲೆಲ್ಲ ಎದ್ದು ತರಗತಿ ಬದಲಾಯಿಸಿದ್ದೇನೆ" ಎಂದರು ಮೇಷ್ಟ್ರು. "ನಿವೃತ್ತನಾದ ಮೇಲೆ ಟೈಮ್‌ಟೇಬಲ್ ಹಿಡಿದು ಆಲ್ಪ್ಸ್ ದಾಟಬೇಕೆಂದು ನನ್ನ ಜಾತಕದಲ್ಲಿ ಇರಲಿಲ್ಲ."

"ಯೋಜನೆ ಇಲ್ಲದಿದ್ದರೆ ಎಷ್ಟೋ ಜಾಗಗಳು ತಪ್ಪಿಹೋಗುತ್ತವೆ ಅಪ್ಪ" ಎಂದಳು ಸುಮಾ. "ನಾನು ರೀಲ್ ನೋಡಿದೆ. ಯುರೋಪಿನಲ್ಲಿ ಯಾರಿಗೂ ಗೊತ್ತಿಲ್ಲದ ರತ್ನವಂತೆ ಅದು."

"ಯಾರಿಗೂ ಗೊತ್ತಿಲ್ಲ ಎಂಬುದನ್ನು ಎಷ್ಟು ಜನ ನೋಡಿದ್ದಾರೆ?"

ಸುಮಾ ಮೊಬೈಲ್ ತಿರುಗಿಸಿ ನೋಡಿದಳು. "ನಲವತ್ತು ಲಕ್ಷ."

"ಆ ದೇಶದ ಜನಸಂಖ್ಯೆಯೇ ಇಪ್ಪತ್ತೊಂದು ಲಕ್ಷದ ಆಸುಪಾಸು. ಮಿಕ್ಕ ಹತ್ತೊಂಬತ್ತು ಲಕ್ಷ ಮಂದಿ ನಿಲ್ಲುವುದಕ್ಕೆ ಎಲ್ಲಿ ಜಾಗ ಮಾಡುತ್ತಾರೋ ಪಾಪ."

ಶ್ರೀಪತಿಗೆ ಅವನದೇ ಚಿಂತೆ. "ಮೇಷ್ಟ್ರ ವೀಸಾ ಜರ್ಮನಿಯದು. ಆ ಲುಬ್ಬ... ಅದೇ, ಆ ಊರಿಗೆ ನಡೆಯುತ್ತದೆಯೇ?"

"ಷೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಒಂದೇ. 2007ರ ಕೊನೆಯಲ್ಲೇ ಅವರು ಷೆಂಗೆನ್ ಸೇರಿದರು, ಅದೇ ವರ್ಷದ ಮೊದಲಲ್ಲಿ ಯೂರೋ ಕೂಡ ತಂದುಕೊಂಡರು" ಎಂದ ಕಿಟ್ಟಿ. ಇಂಥವೆಲ್ಲ ಹಾಳೆಯ ಎರಡನೆಯ ಪುಟದಲ್ಲಿದ್ದವು. ಕಾರಿನಲ್ಲಿ ಹೋದರೆ ನಾಲ್ಕುನೂರು ಕಿಲೋಮೀಟರ್. ಆಸ್ಟ್ರಿಯಾ ದಾಟಲು ಒಂದು ವಿನ್ಯೆಟ್, ಅಂದರೆ ಹೆದ್ದಾರಿ ಸುಂಕದ ಚೀಟಿ, ಸ್ಲೊವೇನಿಯಾಕ್ಕೆ ಇನ್ನೊಂದು, ಎರಡು ಸುರಂಗಗಳಿಗೆ ಬೇರೆ ಸುಂಕ. ಇದನ್ನು ಕೇಳಿ ಶ್ರೀಪತಿಯ ಕೈ ತಾನಾಗಿಯೇ ಜೇಬಿನ ಮೇಲೆ ಹೋಯಿತು.

ಅಸಲು ಸಮಸ್ಯೆ ಬೇರೆ ಇತ್ತು. ಊರು ಸಣ್ಣದು. ಸುಮಾರು ಮೂರು ಲಕ್ಷ ಜನ, ನಮ್ಮ ಮೈಸೂರಿನ ಮೂರನೆಯ ಒಂದು ಪಾಲು. ನೋಡುವಂಥದ್ದೆಲ್ಲ ಒಂದೇ ನದಿಯ ಎರಡು ದಡಗಳಲ್ಲಿ, ಕೋಟೆಗುಡ್ಡದ ಬುಡದಲ್ಲಿ, ಒಂದರ ಪಕ್ಕ ಒಂದು. ಒಂದು ಸೇತುವೆಯಿಂದ ಇನ್ನೊಂದಕ್ಕೆ ಸಂತೆಯ ಬದಿಯಲ್ಲಿ ಐದು ನಿಮಿಷ ನಡೆದರೆ ಸಾಕು. ಹಾಗಾಗಿ ಕಿಟ್ಟಿ ಎಷ್ಟೇ ಎಳೆದರೂ ಶನಿವಾರ ಮೂರು ಗಂಟೆಗೆಲ್ಲ ಊರು ಮುಗಿದುಹೋಗುತ್ತಿತ್ತು, ಸಾಲುಗಳು ಉಳಿಯುತ್ತಿದ್ದವು. ಖಾಲಿ ಸಾಲು ಕಂಡರೆ ಅವನಿಗೆ ಜ್ವರ ಬರುತ್ತದೆ.

"ಅದಕ್ಕೇ ಮೂರು ಸೇತುವೆಗೆ ಮೂರು ಸಾಲು ಕೊಟ್ಟಿದ್ದೇನೆ" ಎಂದ.

"ಮೂರೂ ಒಂದೇ ಕಡೆ ಇವೆಯಲ್ಲ?" ಎಂದೆ ನಾನು.

"ಇವೆ. 1842ರದು ಒಂದು ಹಳೆಯ ಕಲ್ಲಿನ ಸೇತುವೆ ಇತ್ತು. ಪ್ಲೆಚ್ನಿಕ್ ಎಂಬ ವಾಸ್ತುಶಿಲ್ಪಿ ಅದನ್ನು ಕೆಡವದೆ ಆಚೆಗೊಂದು ಈಚೆಗೊಂದು ಕಾಲುಸೇತುವೆ ಸೇರಿಸಿದ. 1932ರ ಹೊತ್ತಿಗೆ ಮುಗಿಯಿತು. ಎಡಗಡೆಯದಕ್ಕೆ ಅರ್ಧ ಗಂಟೆ, ನಡುವಿನದಕ್ಕೆ ಅರ್ಧ, ಬಲಗಡೆಯದಕ್ಕೆ ಅರ್ಧ."

"ನಡುವೆ ನದಿಗೆ ಬೀಳದಿದ್ದರೆ ಸರಿಹೋಗುತ್ತದೆ" ಎಂದರು ಮೇಷ್ಟ್ರು. "ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬಂದರೆ ಮೂರನೆಯದರಲ್ಲಿ ಮತ್ತೆ ಹೋಗಬೇಕಾಗುತ್ತದೆ. ಆಮೇಲೆ ಈಚೆ ದಡಕ್ಕೆ ಬರುವುದು ಯಾವುದರಲ್ಲಿ? ಅದಕ್ಕೆ ಸಾಲು ಇಟ್ಟಿದ್ದೀರಾ?"

ಕಿಟ್ಟಿ ನಿಜವಾಗಿಯೂ ಯೋಚಿಸತೊಡಗಿದ. ಇದೇ ಅವನ ದೋಷ. ತಮಾಷೆಗೆ ಹೇಳಿದ್ದಕ್ಕೂ ಅವನ ಹತ್ತಿರ ಒಂದು ಸೂತ್ರ ಇರುತ್ತದೆ.

ಸುಮಾ ಮಾತು ಬದಲಾಯಿಸಿದಳು. "ಡ್ರ್ಯಾಗನ್ ಸೇತುವೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಡ್ರ್ಯಾಗನ್‌ಗಳಿವೆ. ಆ ಸೇತುವೆಗೆ ಅಲ್ಲಿಯವರು ಇಟ್ಟಿರುವ ಅಡ್ಡಹೆಸರು ಏನು ಗೊತ್ತೇ? 'ಅತ್ತೆ'!"

ಕಿಟ್ಟಿ ಟಿ.ವಿ.ಯನ್ನೇ ನೋಡುತ್ತಿದ್ದ. ಅವನ ತಾಯಿ ಡಿಸೆಂಬರಿನಲ್ಲಿ ಬರುವವರಿದ್ದರು.

"ಭಾಷೆ ಬೇರೆಯಾದರೇನು, ಸಂಸಾರ ಒಂದೇ" ಎಂದು ಶ್ರೀಪತಿ ಗೊಣಗಿದ. ಅವನಿನ್ನೂ ಮದುವೆಯಾಗಿಲ್ಲ.

ಕೋಟೆಯ ಸಾಲಿನಲ್ಲಿ ಜಗಳ ಹತ್ತಿತು. ಗುಡ್ಡದ ಮೇಲಕ್ಕೆ ಕೇಬಲ್ ಎಳೆಯುವ ಗಾಡಿ ಇದೆ, ಟಿಕೆಟ್ ಕೊಳ್ಳಬೇಕು. ನಡೆದರೆ ಕಾಲುಗಂಟೆಯ ಏರು. ಶ್ರೀಪತಿ ತಾನು ನಡೆದೇ ಬರುತ್ತೇನೆ ಎಂದ. ಕಿಟ್ಟಿ ಆ ಸಾಲಿನ 'ಜನ'ವನ್ನು ಐದರಿಂದ ನಾಲ್ಕಕ್ಕೆ ಇಳಿಸಿದ, ಕೆಳಗಿನ ಮೊತ್ತವೂ ಇಳಿಯಿತು. ಅಷ್ಟರಲ್ಲಿ ನಾನು ಕವಾಲಿರ್ ವಿಷಯ ತೆಗೆದೆ. ಊರಿನ ನಡುಭಾಗದಲ್ಲಿ 2007ರಿಂದೀಚೆಗೆ ಕಾರುಗಳಿಗೆ ಬಾಗಿಲು ಮುಚ್ಚುತ್ತ ಬಂದಿದ್ದಾರೆ. ನಡೆಯಲಾರದವರಿಗೆಂದು ಸಣ್ಣ ವಿದ್ಯುತ್ ಗಾಡಿಗಳನ್ನು ಬಿಟ್ಟಿದ್ದಾರೆ. ಕರೆದರೆ ಬಂದು ಹತ್ತಿಸಿಕೊಂಡು ಹೋಗುತ್ತವೆ. ದುಡ್ಡು ತೆಗೆದುಕೊಳ್ಳುವುದಿಲ್ಲ.

"ದುಡ್ಡು ತೆಗೆದುಕೊಳ್ಳುವುದಿಲ್ಲವೇ?" ಶ್ರೀಪತಿ ಕೂತಲ್ಲಿಯೇ ಕುಂಟತೊಡಗಿದ.

"ಅದೇ ಊರಿನ ಹತ್ತಿರದ ಜೌಗಿನಲ್ಲಿ 2002ರಲ್ಲಿ ಒಂದು ಮರದ ಚಕ್ರ ಸಿಕ್ಕಿತು, ಅಚ್ಚಿನ ಸಮೇತ" ಎಂದು ಮೇಷ್ಟ್ರು ಲೋಟ ಕೆಳಗಿಟ್ಟರು. "ಐದು ಸಾವಿರ ವರ್ಷಕ್ಕೂ ಹಳೆಯದು. ಪ್ರಪಂಚದಲ್ಲಿ ಉಳಿದಿರುವ ಮರದ ಚಕ್ರಗಳಲ್ಲೆಲ್ಲ ಅದೇ ಹಿರಿಯದು ಎನ್ನುತ್ತಾರೆ. ಅಷ್ಟು ಹಿಂದೆಯೇ ಚಕ್ರ ಉರುಳಿಸಿದವರು ಈಗ ಊರಿನ ನಡುವೆ ಚಕ್ರ ಬೇಡ, ನಡೆಯಿರಿ ಎನ್ನುತ್ತಿದ್ದಾರೆ. ನಾವು ಹೊರಟಿರುವುದು ಅಲ್ಲಿ ಓಡುವುದಕ್ಕೆ."

ಭಾನುವಾರ ಬೆಳಿಗ್ಗೆ ಬ್ಲೆಡ್ ಸರೋವರ, ಐವತ್ತೈದು ಕಿಲೋಮೀಟರ್. ಸರೋವರದ ನಡುವೆ ದ್ವೀಪ, ದ್ವೀಪದ ಮೇಲೆ ಚರ್ಚು, ಚರ್ಚಿಗೆ 99 ಮೆಟ್ಟಿಲು. ಮದುವೆಯ ದಿನ ಗಂಡ ಹೆಂಡತಿಯನ್ನು ಎತ್ತಿಕೊಂಡು ಅಷ್ಟನ್ನೂ ಹತ್ತಬೇಕು, ಹೆಂಡತಿ ಅಲ್ಲಿಯವರೆಗೆ ಬಾಯಿ ಬಿಡಬಾರದು ಎಂಬುದು ಅಲ್ಲಿಯ ಪದ್ಧತಿ. ಕಿಟ್ಟಿಯ ಹಾಳೆಯಲ್ಲಿ ಇದಕ್ಕೂ ಒಂದು ಕೆಂಪು ಸಾಲಿತ್ತು.

"ಅರ್ಧ ಗಂಟೆ ನಾನು ಮಾತಾಡಬಾರದೇ?" ಎಂದಳು ಸುಮಾ.

"ಅರ್ಧ ಗಂಟೆ ನಾನು ಎತ್ತಿಕೊಂಡಿರಬೇಕು" ಎಂದ ಕಿಟ್ಟಿ. ಸಾಲನ್ನು ಇಬ್ಬರೂ ಸೇರಿ ಅಳಿಸಿದರು. ಆ ಬೆಳಿಗ್ಗೆ ಅವರಿಬ್ಬರೂ ಒಪ್ಪಿದ ಸಂಗತಿ ಅದೊಂದೇ.

ಮೇಷ್ಟ್ರು ಅಂಗಿಯ ಜೇಬಿನಿಂದ ಒಂದು ನಾಣ್ಯ ತೆಗೆದು ಮೇಜಿನ ಮೇಲಿಟ್ಟರು. ಎರಡು ಯೂರೋ. ಬೇಕರಿಯ ಚಿಲ್ಲರೆಯಲ್ಲಿ ಬಂದದ್ದಂತೆ, ಮೂರು ವಾರದಿಂದ ಖರ್ಚು ಮಾಡದೆ ಇಟ್ಟುಕೊಂಡಿದ್ದರು. ಹಿಂಬದಿಯಲ್ಲಿ ಕೆದರಿದ ಕೂದಲಿನ ಒಬ್ಬ ಮನುಷ್ಯನ ಪಾರ್ಶ್ವಮುಖ, ಬದಿಯಲ್ಲಿ ಗೀಚಿದಂತೆ ಒಂದು ಸಾಲು.

"ಯಾವ ರಾಜ?" ಎಂದ ಶ್ರೀಪತಿ.

"ವಕೀಲ. ಕವಿ. ಫ್ರಾನ್ಸೆ ಪ್ರೆಷೆರೆನ್. ಗೀಚಿರುವುದು ಅವನದೇ ಪದ್ಯದ ಸಾಲು. ಅವನು ಸತ್ತ ದಿನ ಫೆಬ್ರವರಿ 8, ಆ ದೇಶಕ್ಕೇ ರಜೆ."

"ಕವಿ ಸತ್ತದ್ದಕ್ಕೆ ರಜೆಯೇ!"

"ಅವರ ಹತ್ತು ಸೆಂಟಿನ ನಾಣ್ಯ ನೋಡಿದ್ದೀಯಾ? ಅದರ ಮೇಲೆ ಪ್ಲೆಚ್ನಿಕ್ ನಕ್ಷೆ ಬರೆದ ಸಂಸತ್ ಭವನವಿದೆ. ಅದನ್ನು ಕಟ್ಟಲೇ ಇಲ್ಲ. ಆಗದೇ ಹೋದ ಯೋಜನೆಯನ್ನು ನಾಣ್ಯದ ಮೇಲೆ ಅಚ್ಚು ಹಾಕಿಸಿಕೊಂಡ ಜನ ಅವರು. ಅಳಿಯಂದಿರೇ, ನಿಮ್ಮ ಹಾಳೆಗೂ ಆಸೆ ಇದೆ."

ಕಿಟ್ಟಿ ನಕ್ಕು ಹಾಳೆಯನ್ನು ಮೇಲಕ್ಕೆ ಸರಿಸಿದ. "ಪ್ರೆಷೆರೆನ್ ಚೌಕ ಇದೆ ಮಾವ. ಹತ್ತರಿಂದ ಹತ್ತೂವರೆ. ಪ್ರತಿಮೆ, ಫೋಟೊ."

"ಆ ಪ್ರತಿಮೆ 1905ರಿಂದ ಅಲ್ಲಿ ನಿಂತಿದೆ. ಯಾಕೆ ಅತ್ತ ಮುಖ ಮಾಡಿ ನಿಂತಿದೆ ಎಂದು ಗೊತ್ತೇ?" ಮೇಷ್ಟ್ರು ಪಾಠದ ಧ್ವನಿಗೆ ಇಳಿದರು. "ಯೂಲಿಯಾ ಎಂಬ ಹುಡುಗಿ, ಸಾಹುಕಾರರ ಮಗಳು. ಇವನು ಅವಳಿಗಾಗಿ ಹದಿನೈದು ಸುನೀತಗಳ ಮಾಲೆ ಕಟ್ಟಿದ. ಹದಿನಾಲ್ಕರ ಮೊದಲ ಸಾಲುಗಳನ್ನು ಜೋಡಿಸಿದರೆ ಹದಿನೈದನೆಯದು. ಅದರ ಸಾಲುಗಳ ಮೊದಲಕ್ಷರ ಕೂಡಿಸಿದರೆ ಅವಳ ಹೆಸರು. ಅವಳು ಬೇರೆಯವರನ್ನು ಮದುವೆಯಾದಳು. ಈಗ ಎದುರು ಬೀದಿಯ ಗೋಡೆಯ ಮೇಲೆ, ಕಿಟಕಿಯಲ್ಲಿ ನಿಂತಂತೆ ಅವಳ ಉಬ್ಬುಚಿತ್ರ ಕೂರಿಸಿದ್ದಾರೆ. ಇವನು ಅದನ್ನೇ ನೋಡುತ್ತಿದ್ದಾನೆ. ನಾವು ಅವನಿಗೆ ಬೆನ್ನು ಕೊಟ್ಟು ಫೋಟೊ ತೆಗೆಸಿಕೊಂಡು ಹತ್ತೂವರೆಗೆ ಹೊರಡಬೇಕು."

ಯಾರೂ ಮಾತಾಡಲಿಲ್ಲ. ಶ್ರೀಪತಿ ನಾಣ್ಯವನ್ನು ಎತ್ತಿ ನೋಡಿ, ಅದೇನು ತೋಚಿತೋ, ಮೆಲ್ಲಗೆ ಹಿಂದಕ್ಕಿಟ್ಟ.

"ಇನ್ನೊಂದು ವಿಷಯ. ಅವರ ಭಾಷೆಯಲ್ಲಿ ದ್ವಿವಚನ ಇದೆ!" ಮೇಷ್ಟ್ರ ಕಣ್ಣು ಅರಳಿತು. "ನಾನು ಹೋಗುತ್ತೇನೆ, ಗ್ರೆಮ್. ನಾವಿಬ್ಬರು ಹೋಗುತ್ತೇವೆ, ಗ್ರೆವಾ. ನಾವೆಲ್ಲ ಹೋಗುತ್ತೇವೆ, ಗ್ರೆಮೊ. ನಮ್ಮ ಸಂಸ್ಕೃತದ್ದು ಗಚ್ಛಾಮಿ, ಗಚ್ಛಾವಃ, ಗಚ್ಛಾಮಃ. ಬಾಲ ನೋಡಿ: ಮಿ, ವಃ, ಮಃ. ಮೂವತ್ತು ವರ್ಷ ಹುಡುಗರು ಕೇಳಿದರು, 'ಸಾರ್, ಇಬ್ಬರಿಗೆ ಬೇರೆ ಪ್ರತ್ಯಯ ಯಾಕೆ, ಯಾರು ಉಪಯೋಗಿಸುತ್ತಾರೆ?' ಎಂದು. ಅಲ್ಲಿ ತರಕಾರಿ ಮಾರುವವರು ಉಪಯೋಗಿಸುತ್ತಾರೆ."

"ನಮ್ಮ ಕನ್ನಡಕ್ಕೆ ದ್ವಿವಚನ ಇಲ್ಲದ್ದು ನಷ್ಟವೇ?" ಎಂದು ಕೇಳಿದೆ.

"ನಮ್ಮಲ್ಲಿ ಗಂಡ ಹೆಂಡತಿಗೆ ಏಕವಚನ, ಹೆಂಡತಿ ಗಂಡನಿಗೆ ಬಹುವಚನ. ಸರಾಸರಿ ತೆಗೆದು ದ್ವಿವಚನ ಎಂದುಕೊಳ್ಳಬೇಕು."

ಎಲ್ಲರಿಗಿಂತ ಜೋರಾಗಿ ಸುಮಾ ನಕ್ಕಳು. ಮೇಷ್ಟ್ರು ನಗಲಿಲ್ಲ. ನಾಣ್ಯವನ್ನು ಬೆರಳ ತುದಿಯಲ್ಲಿ ಆಚೀಚೆ ಸರಿಸುತ್ತಿದ್ದರು.

"1984ರಲ್ಲಿ ನಾವಿಬ್ಬರು ಹಂಪಿಗೆ ಹೋಗಿದ್ದೆವು. ಏನೇನು ನೋಡಿದೆವೆಂದು ಈಗ ಕೇಳಿದರೆ ಕಲ್ಲಿನ ರಥ ಬಿಟ್ಟು ಇನ್ನೇನೂ ನೆನಪಿಗೆ ಬರುವುದಿಲ್ಲ. ವಾಪಸು ಬರುವಾಗ ಹೊಸಪೇಟೆಯಲ್ಲಿ ಮೈಸೂರಿನ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಇನ್ನೊಂದು ಇದ್ದದ್ದು ರಾತ್ರಿಗೆ. ನಿಲ್ದಾಣದ ಸಿಮೆಂಟು ಬೆಂಚಿನ ಮೇಲೆ ಕಡಲೆಕಾಯಿ ಪೊಟ್ಟಣ ನಡುವೆ ಇಟ್ಟುಕೊಂಡು ಐದಾರು ಗಂಟೆ ಕೂತೆವು. ಮದುವೆಯಾಗಿ ಆರು ವರ್ಷವಾಗಿತ್ತು. ಅವಳಿಗೆ ಈಜು ಬರುತ್ತದೆಂದು ನನಗೆ ತಿಳಿದದ್ದು ಆ ಬೆಂಚಿನ ಮೇಲೆ."

"ಅಮ್ಮನಿಗೆ ಈಜು ಬರುತ್ತಿತ್ತೇ?" ಎಂದಳು ಸುಮಾ.

"ಊರಿನ ಬಾವಿಯಲ್ಲಿ ಕಲಿತಿದ್ದಳಂತೆ. ಆಮೇಲೆ ಈಜುವುದಕ್ಕೆ ಎಲ್ಲಿ ಪುರುಸೊತ್ತು ಸಿಕ್ಕಿತು."

ಸುಮಾ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಲ್ಲಿಯ ಸದ್ದು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೇಳಿಸಿತು.

ಕಿಟ್ಟಿ ಕೀಲಿಮಣೆ ಎಳೆದುಕೊಂಡ. ಭಾನುವಾರದ ಮಧ್ಯಾಹ್ನಕ್ಕೆ ಹೋಗಿ ನಾಲ್ಕು ಸಾಲುಗಳನ್ನು ಒಂದು ಮಾಡಿ ಬಣ್ಣ ತೆಗೆದ. ಟಿ.ವಿ.ಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದವು: '2ರಿಂದ 4: ಬಸ್ ತಪ್ಪಿಸಿಕೊಳ್ಳುವುದು.'

"ಯಾವ ಬಸ್ಸು?" ಎಂದ ಶ್ರೀಪತಿ. "ತಪ್ಪಿಸಿಕೊಳ್ಳುವುದಾದರೆ ಟಿಕೆಟ್ ಯಾಕೆ ಕೊಳ್ಳಬೇಕು?"

"ಕೊಳ್ಳದಿದ್ದರೆ ತಪ್ಪಿಸಿಕೊಂಡ ಹಾಗೆ ಆಗುವುದಿಲ್ಲ" ಎಂದರು ಮೇಷ್ಟ್ರು.

"ಮಾವ, ಈ ಸಾಲಿಗೆ ಎಷ್ಟು ಜನ ಹಾಕಲಿ? ಎಲ್ಲರೂ ಕೂರಬೇಕೇ, ನೀವೊಬ್ಬರೇ ಸಾಕೇ?"

ಮೇಷ್ಟ್ರು ನಾಣ್ಯವನ್ನು ಜೇಬಿಗೆ ಹಾಕಿಕೊಂಡರು.

"ಎರಡು ಹಾಕಿ."

ಎರಡನೆಯವರು ಯಾರು ಎಂದು ಕೇಳಲು ಶ್ರೀಪತಿ ಬಾಯಿ ತೆರೆದ, ನನ್ನ ಮುಖ ನೋಡಿ ಮುಚ್ಚಿಕೊಂಡ. ಕಿಟ್ಟಿ ಎರಡು ಎಂದು ಒತ್ತಿದ. ಕೆಳಗಿನ ಮೊತ್ತ ತಾನಾಗಿಯೇ ಬದಲಾಯಿತು.