ಕಾರ್ ಇನ್ಶೂರೆನ್ಸ್ 16,716 ರೂಪಾಯಿ, ವಯಸ್ಸು ಚಿಕ್ಕದು ಅಂತ ಜಾಸ್ತಿ ಮಾಡಿದ್ದಾರಾ?

ಬಟವಾಡಿ, ತುಮಕೂರಿನಿಂದ ಪ್ರಶ್ನೆ:

ನನಗೆ 23 ವರ್ಷ, ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಮೂರು ವರ್ಷ ಹಳೆಯ ಪೆಟ್ರೋಲ್ ಕಾರು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡಿದ್ದೇನೆ, 1,197 ಸಿಸಿ. ಆರ್‌ಸಿ ನನ್ನ ಹೆಸರಿಗೆ ಬಂದಿದೆ. ಇನ್ಶೂರೆನ್ಸ್ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಏಜೆಂಟ್ ಕೊಟ್ಟ ಕೊಟೇಶನ್ 16,716 ರೂಪಾಯಿ. ಮಾರಿದವರು ಹೋದ ವರ್ಷ ಕಟ್ಟಿದ್ದು ಏಳೂವರೆ ಸಾವಿರ ಚಿಲ್ಲರೆ, ಆ ಬಿಲ್ ಕೂಡ ನನ್ನ ಹತ್ತಿರ ಇದೆ. ಯಾಕಣ್ಣ ಡಬಲ್ ಆಯಿತು ಅಂತ ಕೇಳಿದರೆ "ನಿಮ್ಮದು ಚಿಕ್ಕ ವಯಸ್ಸು, ರಿಸ್ಕ್ ಜಾಸ್ತಿ" ಅಂದರು. ನಿಜವಾ? ಕಾರಿನ ಲೋನ್ ಕಂತು ಬೇರೆ ಕಟ್ಟುತ್ತಿದ್ದೇನೆ. ಬರೀ ಥರ್ಡ್ ಪಾರ್ಟಿ (ಬೇರೆಯವರಿಗೆ ಆಗುವ ಹಾನಿಗೆ ಮಾತ್ರ ಇರುವ ವಿಮೆ) ಮಾಡಿಸಿಬಿಡಲಾ? ಅನುಭವ ಇರುವವರು ಹೇಳಿ.

ಕೊಟೇಶನ್‌ನಲ್ಲಿ ಇರುವುದು ಇದು: ಓಡಿ (ಓನ್ ಡ್ಯಾಮೇಜ್, ನಮ್ಮ ಕಾರಿಗೇ ಆಗುವ ಹಾನಿಗೆ) 5,800, ಜೀರೋ ಡೆಪ್ (ಪಾರ್ಟ್ ಹಳೆಯದು ಅಂತ ದುಡ್ಡು ಕಡಿತ ಆಗದಿರಲು) 2,300, ಇಂಜಿನ್ ಪ್ರೊಟೆಕ್ಟ್ 900, ಕೀ ರಿಪ್ಲೇಸ್‌ಮೆಂಟ್, ಲಗೇಜು, ಕನ್ಸ್ಯೂಮಬಲ್ಸ್ ಅಂತ ಸೇರಿಸಿ 1,400, ಥರ್ಡ್ ಪಾರ್ಟಿ 3,416, ಪಿಎ ಕವರ್ (ಮಾಲೀಕನ ಅಪಘಾತ ವಿಮೆ) 350. ಇದರ ಮೇಲೆ ಜಿಎಸ್‌ಟಿ.

ಶಿರಾ ಗೇಟ್‌ನಿಂದ:

ತಮ್ಮ, ವಯಸ್ಸಿನ ಕಥೆ ಬಿಡು. ಎರಡೂ ಬಿಲ್ ಪಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ನೋಡಿದರೆ ಡಬಲ್ ಯಾಕಾಯಿತು ಅಂತ ಗೊತ್ತಾಗುತ್ತದೆ.

ಮೊದಲು ಥರ್ಡ್ ಪಾರ್ಟಿ. ಈ ದರವನ್ನು ಗೊತ್ತು ಮಾಡುವುದು ಕೇಂದ್ರ ಸರ್ಕಾರ, ಕಂಪನಿಯಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿ ತನಕ 2,094, ಅಲ್ಲಿಂದ 1500 ತನಕ 3,416, ಅದಕ್ಕೂ ಮೇಲೆ 7,897. ಓಡಿಸುವವನಿಗೆ ಇಪ್ಪತ್ತಾದರೂ ಎಪ್ಪತ್ತಾದರೂ ಅಷ್ಟೇ. ಇದರಲ್ಲಿ ಚೌಕಾಸಿಯೂ ಇಲ್ಲ, ಯಾರಾದರೂ "ನಮ್ಮಲ್ಲಿ ಥರ್ಡ್ ಪಾರ್ಟಿ ಕಡಿಮೆ" ಅಂದರೆ ಅಲ್ಲಿಂದ ಎದ್ದು ಬಾ. ಈಗ ಮಾರಿದವರ ಬಿಲ್ ನೋಡು, ಅದರಲ್ಲಿ ಥರ್ಡ್ ಪಾರ್ಟಿ ಸಾಲೇ ಇರುವುದಿಲ್ಲ. ಯಾಕೆಂದರೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರು ತೆಗೆದುಕೊಳ್ಳುವವರು ಮೂರು ವರ್ಷದ ಥರ್ಡ್ ಪಾರ್ಟಿಯನ್ನು ಶೋರೂಮಿನಲ್ಲೇ ಒಟ್ಟಿಗೆ ಕಟ್ಟಬೇಕು, ಸುಪ್ರೀಂ ಕೋರ್ಟ್ ಆದೇಶ ಅದು. ಅವರು ಅವತ್ತೇ ಕಟ್ಟಿದ್ದರು, ಆಮೇಲೆ ಎರಡು ವರ್ಷ ಓಡಿ ಮಾತ್ರ ಕಟ್ಟಿಕೊಂಡು ಬಂದರು. ಆ ಮೂರು ವರ್ಷ ಸರಿಯಾಗಿ ನಿನ್ನ ಕೈಗೆ ಬಂದಾಗ ಮುಗಿಯುತ್ತಿದೆ. ಜಿಎಸ್‌ಟಿ ಸೇರಿ ಇದೊಂದೇ ಸುಮಾರು 4,030.

ಎರಡನೆಯದು ಎನ್‌ಸಿಬಿ, ನೋ ಕ್ಲೈಮ್ ಬೋನಸ್. ಎರಡು ವರ್ಷ ಕ್ಲೈಮ್ ಮಾಡಿಲ್ಲ ಅಂತ ಅವರಿಗೆ ಓಡಿಯಲ್ಲಿ 25 ಪರ್ಸೆಂಟ್ ಬಿಟ್ಟಿದ್ದರು. ಬೋನಸ್ ಮನುಷ್ಯನದು, ಕಾರಿನದಲ್ಲ. ಕಾರು ಮಾರಿದರೂ ಅವರು ಅದನ್ನು ತಮ್ಮ ಮುಂದಿನ ಕಾರಿಗೆ ಒಯ್ಯುತ್ತಾರೆ. ನೀನು ಸೊನ್ನೆಯಿಂದ ಶುರು. ಇದು ಸುಮಾರು 1,700.

ಮೂರನೆಯದು ಇಂಜಿನ್, ಕೀ, ಲಗೇಜು. ಅವರ ಬಿಲ್‌ನಲ್ಲಿ ಇವು ಇರಲಿಕ್ಕಿಲ್ಲ, ನಿನಗೆ ಸುಮ್ನೆ ಸೇರಿಸಿದ್ದಾರೆ. ಕ್ಯಾತ್ಸಂದ್ರದಲ್ಲಿ ಒಂದು ತಟ್ಟೆ ಇಡ್ಲಿ ಕೇಳಿದವನಿಗೆ ವಡೆ, ಕೇಸರಿಬಾತ್ ಎಲ್ಲ ಸೇರಿಸಿ ಬಿಲ್ ಕೊಟ್ಟ ಹಾಗೆ. ಜಿಎಸ್‌ಟಿ ಸೇರಿ ಇದು 2,700. ಪಿಎ ಕವರ್ 413. ಎಲ್ಲ ಕೂಡಿಸು, ಒಂಬತ್ತು ಸಾವಿರದ ಹತ್ತಿರ ಬಂತಲ್ವಾ? ನಿನ್ನ ವಯಸ್ಸಿಗೆ ಅಂತ ಅಲ್ಲಿ ಜಾಗವೇ ಉಳಿಯಲಿಲ್ಲ.

ಜಿಎಸ್‌ಟಿ ಬಗ್ಗೆ ಕೇಳುತ್ತೀಯ ಅಂತ ಮೊದಲೇ ಹೇಳುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ತೆಗೆದದ್ದು ವೈಯಕ್ತಿಕ ಆರೋಗ್ಯ ವಿಮೆ, ಜೀವ ವಿಮೆಗೆ. ಕಾರಿಗೆ 18 ಪರ್ಸೆಂಟ್ ಹಾಗೇ ಇದೆ.

ಇನ್ನು ಬರೀ ಥರ್ಡ್ ಪಾರ್ಟಿ ಮಾಡಿಸುವ ಮಾತು. ಲೋನ್ ಇದೆ ಅಂದೆಯಲ್ಲ, ಬ್ಯಾಂಕಿನವರು ಫುಲ್ ಇನ್ಶೂರೆನ್ಸ್ ಇರಲೇಬೇಕು ಅಂತ ಅಗ್ರಿಮೆಂಟಿನಲ್ಲೇ ಬರೆಸಿಕೊಂಡಿರುತ್ತಾರೆ, ತೆಗೆದು ಓದು. ನಮ್ಮ ಅಪ್ಪನ ಹಳೇ ಆಲ್ಟೊಗೆ ನಾನು ಬರೀ ಥರ್ಡ್ ಪಾರ್ಟಿನೇ ಮಾಡಿಸುವುದು, ಜಿಎಸ್‌ಟಿ ಸೇರಿ 2,471 ರೂಪಾಯಿ. ಅದು ಹೋದರೆ ಹೋಯಿತು ಅನ್ನುವಂಥ ಗಾಡಿ. ನಿನ್ನದು ಹಾಗಲ್ಲ.

ಗುಬ್ಬಿಯಿಂದ:

ಮೇಲಿನ ಅಣ್ಣ ಹೇಳಿದ್ದು ಸರಿ. ಒಂದು ಮಾತ್ರ ಸೇರಿಸುತ್ತೇನೆ: ಓಡಿಯಲ್ಲಿ ಚೌಕಾಸಿ ನಡೆಯುತ್ತದೆ. ಕಂಪನಿಯಿಂದ ಕಂಪನಿಗೆ ತುಂಬ ವ್ಯತ್ಯಾಸ. ಮೂರು ಕಡೆ ಕೇಳಿ, ಆದರೆ ಮೂರೂ ಕಡೆ ಐಡಿವಿ ಒಂದೇ ಹಾಕಿಸಿ ಕೇಳಿ. ಐಡಿವಿ ಅಂದರೆ ಕಾರು ಪೂರ್ತಿ ಹೋದರೆ ಅಥವಾ ಕಳುವಾದರೆ ಸಿಗುವ ದುಡ್ಡು. ಕೆಲವರು ಅದನ್ನು ಒಂದು ಲಕ್ಷ ಇಳಿಸಿ "ನೋಡಿ ಸಾರ್ ಎಷ್ಟು ಕಡಿಮೆ ಮಾಡಿಕೊಟ್ಟೆ" ಅಂತಾರೆ. ಉಳಿಯುವುದು ಒಂದೆರಡು ಸಾವಿರ, ಹೋಗುವುದು ಲಕ್ಷ.

ಕಾರು ಬೆಂಗಳೂರು ನಂಬರಿನದಾ? ಬೆಂಗಳೂರು ಸೇರಿ ಎಂಟು ದೊಡ್ಡ ನಗರಗಳ ಗಾಡಿ ಎ ವಲಯ, ಉಳಿದದ್ದೆಲ್ಲ ಬಿ. ಕೆಎ-06 ಆದರೆ ಓಡಿ ಸ್ವಲ್ಪ ಕಡಿಮೆ ಬೀಳುತ್ತದೆ. ಅದಕ್ಕೋಸ್ಕರ ಆರ್‌ಟಿಒಗೆ ಅಲೆದು ನಂಬರ್ ಬದಲಿಸುವಷ್ಟು ವ್ಯತ್ಯಾಸ ಏನಿಲ್ಲ.

ಮಧುಗಿರಿಯಿಂದ:

ನನ್ನ ಮಗಳೂ ನಿಮ್ಮ ವಯಸ್ಸಿನವಳೇ, ಹಾಗಾಗಿ ಬರೆಯಬೇಕು ಅನ್ನಿಸಿತು. ಪ್ರೀಮಿಯಂ ಕಟ್ಟುವ ದಿನ ಉಳಿಸುವುದಕ್ಕಿಂತ ಆಮೇಲೆ ಉಳಿಸುವುದೇ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಹೊಸದಾಗಿ ಓಡಿಸುವವರು ಗೇಟಿಗೆ ಉಜ್ಜುತ್ತಾರೆ, ಕಂಬಕ್ಕೆ ತಾಗಿಸುತ್ತಾರೆ, ತಕ್ಷಣ "ಇನ್ಶೂರೆನ್ಸ್ ಇದೆಯಲ್ಲ ಅಮ್ಮ" ಅಂತ ಕ್ಲೈಮ್ ಮಾಡಲು ಓಡುತ್ತಾರೆ. ನಾನು ಮಗಳಿಗೆ ಪೇಪರ್ ಪೆನ್ನು ಕೊಟ್ಟು ಲೆಕ್ಕ ಹಾಕಿಸಿದೆ.

ನಿಮ್ಮ ಅಂಕಿಯಲ್ಲೇ ಹೇಳುತ್ತೇನೆ. ಬಾಗಿಲಿಗೆ ಟಿಂಕರಿಂಗ್, ಪೇಂಟಿಂಗ್ ಸೇರಿ ನಾಲ್ಕು ಸಾವಿರ ಬಿಲ್ ಆಯಿತು ಅಂದುಕೊಳ್ಳಿ. ಕಡ್ಡಾಯವಾಗಿ ನಿಮ್ಮ ಕೈಯಿಂದ ಹೋಗುವುದು ಒಂದು ಸಾವಿರ, 1500 ಸಿಸಿವರೆಗಿನ ಕಾರಿಗೆ ಅಷ್ಟು. ಕಂಪನಿಯಿಂದ ಸಿಗುವುದು ಮೂರು ಸಾವಿರ. ಈಗ ಬೋನಸ್ ನೋಡಿ. ಕ್ಲೈಮ್ ಇಲ್ಲದಿದ್ದರೆ ವರ್ಷ ವರ್ಷ 20, 25, 35, 45, 50 ಪರ್ಸೆಂಟ್ ಅಂತ ಏರುತ್ತದೆ. ಮೊದಲ ವರ್ಷವೇ ಕ್ಲೈಮ್ ಮಾಡಿದರೆ ಅದು 0, 20, 25, 35, 45 ಆಗುತ್ತದೆ. ಒಂದು ವರ್ಷದ 20 ಅಷ್ಟೇ ಹೋಯಿತು ಅಂದುಕೊಂಡಿರುತ್ತೇವೆ, ಐದೂ ವರ್ಷದ ವ್ಯತ್ಯಾಸ ಕೂಡಿಸಿದರೆ 50 ಪರ್ಸೆಂಟ್. 5,800ಕ್ಕೆ ಅರ್ಧ 2,900, ಮೇಲೆ ಜಿಎಸ್‌ಟಿ. ವರ್ಷ ವರ್ಷ ಐಡಿವಿ ಇಳಿಯುವುದರಿಂದ ಲೆಕ್ಕ ಸ್ವಲ್ಪ ಕಡಿಮೆಯಾಗಬಹುದು, ಆದರೂ ಮೂರು ಸಾವಿರ ತೆಗೆದುಕೊಂಡು ಹತ್ತಿರಹತ್ತಿರ ಮೂರು ಸಾವಿರ ಕೊಟ್ಟ ಹಾಗಾಯಿತು. ಇಷ್ಟಕ್ಕೆ ಹಾನಿ ನೋಡಲು ಕಂಪನಿಯ ಸರ್ವೇಯರ್ ಬರುವ ತನಕ ಕಾಯಬೇಕು, ಗ್ಯಾರೇಜಿಗೆ ಅಲೆಯಬೇಕು. ಅದಕ್ಕೇ ನಮ್ಮ ಮನೆಯಲ್ಲಿ ಎಂಟು ಹತ್ತು ಸಾವಿರದ ಒಳಗಿನ ಕೆಲಸಕ್ಕೆ ಕ್ಲೈಮ್ ಮಾಡುವುದೇ ಇಲ್ಲ.

ಜೀರೋ ಡೆಪ್ ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಪಾರ್ಟ್‌ಗಳಿಗೆ ಅರ್ಧ ದುಡ್ಡು ಕಡಿತ. ಈಗಿನ ಕಾರಿನಲ್ಲಿ ಬಂಪರ್ ಪೂರ್ತಿ ಪ್ಲಾಸ್ಟಿಕ್ಕೇ ಅಲ್ವಾ? ಇನ್ನೊಂದು ವಿಷಯ, ಮನೆಯಲ್ಲಿ ಯಾರಾದರೂ ಎಲ್ ಬೋರ್ಡ್‌ನವರಿದ್ದರೆ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಇಲ್ಲದಿದ್ದರೆ ಕ್ಲೈಮ್ ಅಲ್ಲಿಗೇ ಮುಗಿಯಿತು.

ಬಟವಾಡಿಯಿಂದ, ಕೇಳಿದವರೇ:

ಮೇಡಂ, ಹಾಗಾದರೆ ಸಣ್ಣ ಕ್ಲೈಮ್ ಮಾಡಲ್ಲ ಅಂತ ಗಟ್ಟಿ ಇದ್ದರೆ ವಾಲಂಟರಿ ಡಿಡಕ್ಟಿಬಲ್ ತೆಗೆದುಕೊಳ್ಳಬಹುದಾ? ಏಜೆಂಟ್ ಅದನ್ನೂ ಹೇಳಿದ್ದರು.

ಮಧುಗಿರಿಯಿಂದ:

ನನಗೇನೋ ಅದು ಸರಿ ಕಾಣಲಿಲ್ಲ. ಹಳೆಯ ಟ್ಯಾರಿಫ್ ಲೆಕ್ಕದಲ್ಲಿ 2,500 ನಾವೇ ಹೊರುತ್ತೇವೆ ಅಂದರೆ ಓಡಿಯಲ್ಲಿ 20 ಪರ್ಸೆಂಟ್ ಬಿಡುತ್ತಾರೆ, ಅದೂ 750 ರೂಪಾಯಿ ಮೀರುವ ಹಾಗಿಲ್ಲ. ಪ್ರತಿ ಕ್ಲೈಮಿಗೂ ಆ 2,500 ಕೊಡಬೇಕು. ಮೊದಲೆರಡು ವರ್ಷ ಬೇಡ, ಕೈ ಕುದುರಿದ ಮೇಲೆ ನೋಡಿ.

ಶಿರಾ ಗೇಟ್‌ನಿಂದ:

ಮೇಡಂ, ನಾನು ಮೂರು ವರ್ಷದಿಂದ ಅದನ್ನೇ ತೆಗೆದುಕೊಳ್ಳುತ್ತಿದ್ದೇನೆ. ಹೇಗೂ ಹತ್ತು ಸಾವಿರದ ಕೆಳಗೆ ಕ್ಲೈಮ್ ಮಾಡಲ್ಲ ಅಂದಮೇಲೆ ಆ 750 ಯಾಕೆ ಬಿಡಬೇಕು? ಆದರೆ ಹೊಸಬರಿಗೆ ನೀವು ಹೇಳಿದ್ದೇ ವಾಸಿ ಇರಬಹುದು.

ಕೋಲಾರದಿಂದ:

ಬ್ರದರ್, ಫ್ಯಾಕ್ಟರಿ ಬಸ್ಸಿನಲ್ಲಿ ಹೋಗಿ ಬರುತ್ತೀರಾ? ನಾನು ನರಸಾಪುರಕ್ಕೆ ಕಂಪನಿ ಬಸ್ಸಿನಲ್ಲೇ ಹೋಗುವುದು, ಕಾರು ಭಾನುವಾರ ಮತ್ತು ಊರಿನ ಹಬ್ಬಕ್ಕೆ ಮಾತ್ರ. ಅಂಥವರಿಗೆ ಓಡಿಸಿದಷ್ಟೇ ಕಟ್ಟುವ ಪ್ಲಾನ್ ಇದೆ, ಪೇ ಆ್ಯಸ್ ಯು ಡ್ರೈವ್. ವಿಮಾ ಕಂಪನಿಗಳ ಮೇಲಿನ ಪ್ರಾಧಿಕಾರ ಐಆರ್‌ಡಿಎಐ 2022ರ ಜುಲೈನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ವರ್ಷಕ್ಕೆ ಇಷ್ಟು ಕಿಲೋಮೀಟರ್ ಅಂತ ಮೊದಲೇ ಹೇಳಿ, ಮೀಟರಿನ ಫೋಟೋ ಕಳಿಸಬೇಕು. ಓಡಿ ಭಾಗ ಇಳಿಯುತ್ತದೆ, ಥರ್ಡ್ ಪಾರ್ಟಿ ಇಳಿಯಲ್ಲ. ಕಿಲೋಮೀಟರ್ ಮುಗಿಯುವ ಮೊದಲೇ ಟಾಪ್ ಅಪ್ ಮಾಡಿಸಬೇಕು, ಅದನ್ನು ಮರೆಯುವ ಜಾತಿಯವರಾದರೆ ಈ ಪ್ಲಾನ್ ಬೇಡ.

ಬೈಕ್ ಇದ್ದರೆ ಅದರ ಪಾಲಿಸಿ ತೆಗೆದು ನೋಡಿ. 15 ಲಕ್ಷದ ಪಿಎ ಕವರ್ ಅದರಲ್ಲೇ ಇದ್ದರೆ ಕಾರಿಗೆ ಮತ್ತೆ ಬೇಕಿಲ್ಲ. ನಿಮ್ಮ ಹೆಸರಿನ ಎಲ್ಲ ಗಾಡಿಗೂ ಒಂದೇ ಸಾಕು.

ತಿಪಟೂರಿನಿಂದ:

ನನ್ನದೂ ಇದೇ ಕಥೆ, ಇನ್ನೂ ಕಾರು ತೆಗೆದುಕೊಂಡಿಲ್ಲ. ಅಪ್ಪ ಹೋದ ವರ್ಷ ಕಾರು ಮಾರಿದರು, 50 ಪರ್ಸೆಂಟ್ ಬೋನಸ್ ಇತ್ತು. ಹೊಸದನ್ನು ಅಪ್ಪನ ಹೆಸರಲ್ಲೇ ಮಾಡಿಸಿ ನಾನು ಓಡಿಸಿದರೆ ಹೇಗೆ? ಇಂಗ್ಲೆಂಡಿನಲ್ಲಿರುವ ಕಸಿನ್ ಇದು ಮೋಸ, ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿಸಿದ.

ಶಿರಾ ಗೇಟ್‌ನಿಂದ:

ಅವನು ಹೇಳುವುದು ಅಲ್ಲಿಗೆ ನಿಜ. ಅಲ್ಲಿ ವಿಮೆ ಬರೆಯುವುದು ಯಾರು ಓಡಿಸುತ್ತಾರೆ ಅಂತ ನೋಡಿ. ಹುಡುಗರಿಗೆ ಸಿಕ್ಕಾಪಟ್ಟೆ ಪ್ರೀಮಿಯಂ, ಅದಕ್ಕೇ ಹೇಗೆ ಓಡಿಸುತ್ತಾರೆ ಅಂತ ನೋಡಲು ಕಾರಿಗೊಂದು ಪೆಟ್ಟಿಗೆ ಕೂಡ ಹಾಕಿಸಿಕೊಳ್ಳುತ್ತಾರೆ. ಮಗ ಓಡಿಸುವ ಕಾರಿಗೆ ಅಪ್ಪನೇ ಮುಖ್ಯ ಡ್ರೈವರ್ ಅಂತ ಬರೆದರೆ ವಂಚನೆ. ನಮ್ಮಲ್ಲಿ ವಿಮೆ ಕಾರಿಗೆ. ಮಾಲೀಕರ ಒಪ್ಪಿಗೆ ಇದ್ದು, ಸರಿಯಾದ ಲೈಸೆನ್ಸ್ ಇರುವ ಯಾರು ಓಡಿಸಿದರೂ ನಡೆಯುತ್ತದೆ. ಅಪ್ಪನ ಬೋನಸ್ ನಿನ್ನ ಹೆಸರಿಗೆ ಬರಲ್ಲ, ಆದರೆ ಕಾರೇ ಅಪ್ಪನ ಹೆಸರಲ್ಲಿದ್ದರೆ ಬರುತ್ತದೆ. ಹಳೇ ಕಂಪನಿಯಿಂದ ಎನ್‌ಸಿಬಿ ಪತ್ರ ಬರೆಸಿಕೊಳ್ಳಿ, ಮೂರು ವರ್ಷದ ತನಕ ಅದು ಚಾಲ್ತಿ.

ಆದರೆ ಒಂದು ಕೊಕ್ಕೆ ಇದೆ, ಇದನ್ನು ಯಾವ ಏಜೆಂಟೂ ಹೇಳುವುದಿಲ್ಲ. 15 ಲಕ್ಷದ ಪಿಎ ಕವರ್ ಇರುವುದು ಆರ್‌ಸಿಯಲ್ಲಿ ಹೆಸರಿರುವವರಿಗೆ ಮಾತ್ರ. ನೀನು ಓಡಿಸುವಾಗ ನಿನಗೇ ಏನಾದರೂ ಆದರೆ ಅದು ಸಿಗಲ್ಲ. ಥರ್ಡ್ ಪಾರ್ಟಿಯಲ್ಲೂ ಕೇಳುವುದು ಕಷ್ಟ. ನಮ್ಮ ಕರ್ನಾಟಕದ್ದೇ ಒಂದು ಕೇಸು, ನಿಂಗಮ್ಮ ಪ್ರಕರಣ ಅಂತಾರೆ, ಅದರಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದ್ದು, ಗಾಡಿ ಎರವಲು ಪಡೆದು ಓಡಿಸಿದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಹಾಗಾಗಿ ಮೋಟಾರು ವಾಹನ ಕಾಯ್ದೆಯಲ್ಲಿ ಆಗ ಇದ್ದ 163ಎ ಕಲಂನಲ್ಲಿ ಪರಿಹಾರ ಕೇಳುವ ಹಾಗಿಲ್ಲ ಅಂತ. ಅದಕ್ಕೆ ಅಪ್ಪನ ಹೆಸರಲ್ಲಿ ಮಾಡಿಸುವುದಾದರೆ ನಿನ್ನ ಹೆಸರಲ್ಲಿ ಒಂದು ಅಪಘಾತ ವಿಮೆ ಬೇರೆಯಾಗಿ ಮಾಡಿಸು. ಬೋನಸ್‌ನಲ್ಲಿ ಉಳಿದ ದುಡ್ಡಿನಲ್ಲಿ ಒಂದು ಪಾಲು ಇದಕ್ಕೆ ಹಾಕು, ತಕರಾರು ಬೇಡ.

ಚಿಕ್ಕಬಳ್ಳಾಪುರದಿಂದ:

ಖರ್ಚು ಹುಟ್ಟಿಸಿಕೊಳ್ಳೋಣ ಅಂತ ಕಾರನ್ನು ಬಾಡಿಗೆಗೆ ಮಾತ್ರ ಕೊಡಬೇಡಿ ಗುರು. ನಮ್ಮ ಕಡೆ ವೀಕೆಂಡ್ ಬಂದರೆ ನಂದಿ ಬೆಟ್ಟಕ್ಕೆ ವೈಟ್ ಬೋರ್ಡ್ ಕಾರು ಕೇಳುವವರು ಬಹಳ. ದುಡ್ಡು ತೆಗೆದುಕೊಂಡಿದ್ದು ಗೊತ್ತಾದರೆ ಓಡಿ ಕ್ಲೈಮ್ ಕೊಡಲ್ಲ. ಕೂತವರೇ ಸರ್ವೇಯರ್ ಮುಂದೆ "ನಾವು ಬಾಡಿಗೆ ಕೊಟ್ಟಿದ್ದೇವೆ" ಅಂತ ಹೇಳಿಬಿಡುತ್ತಾರೆ. ಸಿಎನ್‌ಜಿ ಕಿಟ್ ಹಾಕಿಸಿದರೂ ಆರ್‌ಸಿಯಲ್ಲಿ, ಪಾಲಿಸಿಯಲ್ಲಿ ಎರಡರಲ್ಲೂ ಬರೆಸಿ.

ಮತ್ತೆ ಇಂಜಿನ್ ಪ್ರೊಟೆಕ್ಟ್ ಸುಮ್ನೆ ಸೇರಿಸಿದ್ದು ಅಂದರಲ್ಲ, ನಾನು ಒಪ್ಪಲ್ಲ. ರೈಲ್ವೆ ಅಂಡರ್‌ಪಾಸ್‌ನಲ್ಲಿ ನೀರು ನಿಂತಾಗ ಗಾಡಿ ಆಫ್ ಆಗುತ್ತದೆ, ಹುಡುಗರು ಗಾಬರಿಯಲ್ಲಿ ಮತ್ತೆ ಸೆಲ್ಫ್ ಹೊಡೆಯುತ್ತಾರೆ, ನೀರು ಒಳಗೆ ಹೋಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮಾಮೂಲಿ ಪಾಲಿಸಿಯಲ್ಲಿ ಇದಕ್ಕೆ ದುಡ್ಡು ಬರಲ್ಲ. 900 ರೂಪಾಯಿ ಇರಲಿ. ಕೀ, ಲಗೇಜು ತೆಗೆಸಿ.

ಬಟವಾಡಿಯಿಂದ:

ಎಲ್ಲರಿಗೂ ಥ್ಯಾಂಕ್ಸ್. ಬೈಕಿನ ಪಾಲಿಸಿಯಲ್ಲಿ ಪಿಎ ಇತ್ತು, ಇಲ್ಲಿ ತೆಗೆಸಿದೆ. ಜೀರೋ ಡೆಪ್, ಇಂಜಿನ್ ಇಟ್ಟುಕೊಂಡು, ಐಡಿವಿ ಅಷ್ಟೇ ಇಟ್ಟು ಆನ್‌ಲೈನಿನಲ್ಲಿ ನೋಡಿದರೆ ಒಂದು ಕಡೆ 12,900ಕ್ಕೆ ಬರುತ್ತಿದೆ. ಕಟ್ಟಿಬಿಡಲಾ?

ಗುಬ್ಬಿಯಿಂದ:

ಕಟ್ಟುವ ಮೊದಲು ಅವರ ಕ್ಯಾಶ್‌ಲೆಸ್ ಗ್ಯಾರೇಜ್ ಪಟ್ಟಿ ತೆಗೆದು ತುಮಕೂರು ಅಂತ ಹುಡುಕಿ. ಕೆಲವು ಅಗ್ಗದ ಪಾಲಿಸಿಗೆ ಹತ್ತಿರದ ಗ್ಯಾರೇಜ್ ಅಂದರೆ ಪೀಣ್ಯವೇ. ಬಂಪರ್ ಬಿದ್ದ ಕಾರನ್ನು ಅಲ್ಲಿಗೆ ಟೋ ಮಾಡಿಸಬೇಕು, ಇಲ್ಲ ಇಲ್ಲೇ ಕೈಯಿಂದ ಕಟ್ಟಿ ಆಮೇಲೆ ಬಿಲ್ ಕಳಿಸಿ ಕಾಯಬೇಕು. ಇಲ್ಲಿ ಎರಡಾದರೂ ಇದ್ದರೆ ಕಟ್ಟಿ. ಮತ್ತೆ ಈಗಿರುವ ಪಾಲಿಸಿ ಇನ್ನೂ ಮಾರಿದವರ ಹೆಸರಲ್ಲೇ ಇದೆಯಾ? ಕಾರು ಕೈ ಬದಲಾದ 14 ದಿನದೊಳಗೆ ಕಂಪನಿಗೆ ಬರೆದು ಹೆಸರು ಬದಲಿಸಿಕೊಳ್ಳಬೇಕು. ಥರ್ಡ್ ಪಾರ್ಟಿ ತಾನಾಗಿ ನಿಮಗೆ ಬರುತ್ತದೆ, ಓಡಿ ಬರಲ್ಲ.

ಬಟವಾಡಿಯಿಂದ:

ಇನ್ನೂ ಅವರ ಹೆಸರಲ್ಲೇ ಇದೆ ಅಣ್ಣ.

ಗುಬ್ಬಿಯಿಂದ:

ಹಾಗಾದರೆ ತಿಂಗಳ ಕೊನೆ ತನಕ ಯಾಕೆ ಕಾಯುತ್ತೀರಿ? ನಾಳೆಯೇ ಆ ಕಂಪನಿಗೆ ಫೋನ್ ಮಾಡಿ, ಆರ್‌ಸಿ ಕಾಪಿ ಕಳಿಸಿ. ಅಲ್ಲಿಯ ತನಕ ಕಾರು ಮನೆ ಮುಂದೆ ಇರಲಿ.