ಅಪ್‌ಡೇಟ್: ಮನೆಗೆ ರೂಮು ಸೇರಿಸಲು ಗುತ್ತಿಗೆದಾರರು ಸಿಕ್ಕರು

ರೂಮು ಕಟ್ಟೋಕೆ ಮೂವರು ಗುತ್ತಿಗೆದಾರರು ಕೊಟ್ಟ ಕೊಟೇಶನ್‌ಗಳಲ್ಲಿ ಯಾವುದನ್ನು ನಂಬೋದು ಅಂತ ಹಿಂದೆ ಕೇಳಿದ್ದೆನಲ್ಲ, ತೀರ್ಮಾನ ಆಯ್ತು. ಕೈಹಿಡಿದದ್ದು "ಮೂವರಿಗೂ ಒಂದೇ ಪಟ್ಟಿ ಕೊಡಿ" ಅನ್ನೋ ಸಲಹೆ. ಪಾಯದ ಆಳ, ಕಾಂಕ್ರೀಟ್ ಗ್ರೇಡ್ (ಎಷ್ಟು ಗಟ್ಟಿ ಅನ್ನೋದು), ಕಂಬಿಯ ದಪ್ಪ, ವೈರಿಂಗ್ ಪಾಯಿಂಟ್ ಎಲ್ಲ ಬರೆದು ಕೊಟ್ಟ ಮೇಲೆ, ಅತಿ ಕಡಿಮೆ ರೇಟಿನವರು ವಾಟರ್‌ಪ್ರೂಫಿಂಗನ್ನೇ ಸೇರಿಸಿಲ್ಲ ಅಂತ ಬಯಲಾಯ್ತು. ಮೊಬೈಲಲ್ಲಿ ತೋರಿಸೋ ಫೋಟೋ ನೋಡಿ ಆರಿಸೋದು ಪ್ರಯೋಜನಕ್ಕೆ ಬರಲಿಲ್ಲ. ಎಲ್ಲರದ್ದೂ ಚೆನ್ನಾಗೇ ಇರುತ್ತೆ. ಎರಡು ಮಳೆಗಾಲ ಕಂಡ ಕೆಲಸವನ್ನೇ ಹೋಗಿ ನೋಡಬೇಕು.

ಗೊತ್ತಿರದೇ ಇದ್ದ ವಿಷಯ ಒಂದಿದೆ. ಹಳೆ ಪಾಯ ಆಗಲೇ ಕೂತಿರುತ್ತೆ, ಹೊಸದು ಇನ್ನೂ ಸ್ವಲ್ಪ ಇಳಿಯುತ್ತೆ. ಹಳೆ ಗೋಡೆಗೆ ಹೊಸ ಗೋಡೆಯನ್ನು ಬಿಗಿಯಾಗಿ ಬೆಸೆದರೆ ಸಂದಿಯಲ್ಲೇ ಬಿರುಕು. "ಈ ಜೋಡಣೆ ಹೇಗೆ ಮಾಡ್ತೀರಿ?" ಅಂದಾಗ, ನಡುವೆ ಸಣ್ಣ ಸಂದಿ (ಜಾಯಿಂಟ್) ಉಳಿಸಿ, ಅದರಲ್ಲಿ ಸೀಲಂಟ್ ಅನ್ನೋ ರಬ್ಬರಿನಂಥ ಅಂಟು ತುಂಬಬೇಕು ಅಂತ ವಿವರಿಸಿದ್ದು ಒಬ್ಬರೇ. ಅವರಿಗೇ ಕೆಲಸ. ಹಣ ಹಂತಹಂತವಾಗಿ, ಕೊನೆಯ 10% ಮಾತ್ರ, ಉಳಿದ ರಿಪೇರಿ ಎಲ್ಲ ಮುಗಿದ ಮೇಲೆ.