ಹೇಡ್ರಿಯನ್ ಗೋಡೆಯ ಕಾವಲುಗೋಪುರಗಳು: ಸಂಕೇತ ರವಾನೆಗೋ, ಪಹರೆಗೋ?

ತುಂಗಾತೀರ:
ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕ್ರಿ.ಶ. 122ರಲ್ಲಿ ಕಟ್ಟಲಾರಂಭಿಸಿದ ಹೇಡ್ರಿಯನ್ ಗೋಡೆಯ ಉದ್ದ ಸುಮಾರು 117 ಕಿಲೋಮೀಟರ್. ಪ್ರತಿ ರೋಮನ್ ಮೈಲಿಗೆ (ಸುಮಾರು ಒಂದೂವರೆ ಕಿಲೋಮೀಟರ್) ಒಂದು ಕಿರುಕೋಟೆ, ಎರಡು ಕಿರುಕೋಟೆಗಳ ನಡುವೆ ಎರಡು ಗೋಪುರಗಳು. ಅಂದರೆ ಸರಿಸುಮಾರು 500 ಮೀಟರಿಗೊಂದು ಕಾವಲುತಾಣ. ಪಂಜು ತೋರಿಸಿ ಸುದ್ದಿ ಮುಟ್ಟಿಸಲು ಇವನ್ನು ಕಟ್ಟಿದ್ದರೆಂದು ಹಲವೆಡೆ ಓದಿದ್ದೇನೆ. ಆದರೆ ಸಂಕೇತಕ್ಕಾಗಿಯೇ ಆಗಿದ್ದರೆ ಎತ್ತರದ ದಿಬ್ಬಗಳನ್ನು ಆರಿಸಿ, ದೂರದೂರಕ್ಕೆ ಕಟ್ಟಿದ್ದರೆ ಸಾಕಾಗುತ್ತಿತ್ತಲ್ಲವೇ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಹಳೆಗಲ್ಲು:
ನಿಮ್ಮ ಸಂದೇಹ ಸರಿಯಾಗಿಯೇ ಇದೆ. ಈ ಗೋಪುರಗಳ ಜಾಗವನ್ನು ಗೊತ್ತುಮಾಡಿದ್ದು ಮುಖ್ಯವಾಗಿ ಅಳತೆಯ ಹಗ್ಗವೇ ಹೊರತು ನೋಟದ ಅನುಕೂಲವಲ್ಲ. ಗೋಪುರಗಳು ಗೋಡೆಗಿಂತ ಮೊದಲೇ ಎದ್ದವು ಎಂಬುದಕ್ಕೆ ಬ್ರಂಟನ್ ಬಳಿಯ 26ಬಿ ಗೋಪುರ (ಪೂರ್ವದಿಂದ ಎಣಿಸಿದ 26ನೆಯ ಕಿರುಕೋಟೆಯ ನಂತರದ ಎರಡನೆಯ ಗೋಪುರ) ಒಳ್ಳೆಯ ಸಾಕ್ಷಿ. ಮುಂದೆ ಬರಲಿದ್ದ ಗೋಡೆಯನ್ನು ಬೆಸೆಯಲೆಂದು ಅದರ ಎರಡೂ ಪಕ್ಕದಲ್ಲಿ ಸುಮಾರು ಮೂರು ಮೀಟರ್ ದಪ್ಪದ ಗಿಡ್ಡ ರೆಕ್ಕೆಗೋಡೆಗಳನ್ನು ಬಿಟ್ಟಿದ್ದರು. ಅಷ್ಟರಲ್ಲಿ ಗೋಡೆಯ ದಪ್ಪವನ್ನೇ ಕಡಿಮೆ ಮಾಡುವ ತೀರ್ಮಾನವಾದದ್ದರಿಂದ, ಒಂದು ಬದಿಯಲ್ಲಿ ತೆಳುಗೋಡೆ ಬಂದು ದಪ್ಪ ರೆಕ್ಕೆಗೆ ಕೂಡಿಕೊಂಡ ಜಾಗದ ಏರುಪೇರು ಇಂದಿಗೂ ಕಣ್ಣಿಗೆ ಕಾಣುತ್ತದೆ.

ಇನ್ನೊಂದು ವಿಷಯ. ನಮ್ಮ ಕೋಟೆಗಳ ಕೊತ್ತಲದಂತೆ ಇವು ಹೊರಕ್ಕೆ ಚಾಚಿಕೊಂಡಿಲ್ಲ, ಸುಮಾರು ಆರು ಮೀಟರ್ ಚೌಕದ ಈ ಕಟ್ಟಡಗಳ ಮುಂಭಾಗ ಗೋಡೆಯ ಮುಖಕ್ಕೆ ಸಮವಾಗಿದೆ. ಗೋಡೆಯ ಬುಡಕ್ಕೆ ಬಂದ ಶತ್ರುವಿನ ಮೇಲೆ ಪಕ್ಕದಿಂದ ಬಾಣ ಬಿಡಲು ಇಲ್ಲಿ ಅನುಕೂಲವೇ ಇಲ್ಲ. ಆದ್ದರಿಂದ ಯುದ್ಧದ ಗೋಪುರವೆನ್ನುವುದಕ್ಕಿಂತ, ಕದ್ದು ದಾಟುವವರ ಮೇಲೆ ಕಣ್ಣಿಡುವ ಪಹರೆಯ ತಾಣವೆನ್ನುವುದೇ ಹೆಚ್ಚು ಸಮಂಜಸ.

ಪಡುವಣ:
ಹಳೆಗಲ್ಲು ಅವರ ಮಾತಿಗೆ ಎರಡು ಸ್ಥಳಗಳನ್ನು ಸೇರಿಸುತ್ತೇನೆ. 39ಎ ಮತ್ತು 39ಬಿ ಗೋಪುರಗಳ ನಡುವೆ ಪೀಲ್ ಗ್ಯಾಪ್ ಎಂಬ ತಗ್ಗಿದೆ. ಅಲ್ಲಿ 1980ರ ದಶಕದಲ್ಲಿ ಮೈಲಿಗೆರಡು ಎಂಬ ಲೆಕ್ಕಕ್ಕೆ ಸೇರದ ಒಂದು ಹೆಚ್ಚುವರಿ ಗೋಪುರ ಪತ್ತೆಯಾಯಿತು. ತಗ್ಗಿನಲ್ಲಿ ನುಸುಳಿ ಬರುವವರು ಅಕ್ಕಪಕ್ಕದ ಗೋಪುರಗಳಿಗೆ ಕಾಣದೆ ಹೋಗುತ್ತಿದ್ದುದನ್ನು ಕಂಡೇ ಅದನ್ನು ಕಟ್ಟಿರಬೇಕು. ಸುದ್ದಿ ಕಳಿಸುವುದೇ ಉದ್ದೇಶವಾಗಿದ್ದರೆ ತಗ್ಗಿನಲ್ಲಿ ಗೋಪುರ ಕಟ್ಟುವವರು ಯಾರು?

ಇದಕ್ಕೆ ವಿರುದ್ಧವಾದದ್ದು ಪೈಕ್ ಹಿಲ್. ದಿಬ್ಬದ ಮೇಲಿನ ಆ ಗೋಪುರ ಗೋಡೆಗಿಂತ ಹಳೆಯದು, ದೂರದವರೆಗೆ ಕಾಣುವ ನಿಜವಾದ ಸಂಕೇತ ತಾಣ. ಗೋಡೆ ಬಂದಾಗ ಅದನ್ನು ಕೆಡವದೆ ಸೇರಿಸಿಕೊಂಡ ಕಾರಣ, ಅದು ಗೋಡೆಯ ಸಾಲಿಗೆ ಸುಮಾರು 45 ಡಿಗ್ರಿ ಓರೆಯಾಗಿ ನಿಂತಿದೆ.

ತುಂಗಾತೀರ:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಪಂಜಿನ ಕಥೆ ಎಲ್ಲಿಂದ ಬಂತು? ಇಷ್ಟೊಂದು ಗೋಪುರಗಳನ್ನು ಕೊನೆಯವರೆಗೂ ಕಾಯುತ್ತಿದ್ದರೇ?

ಹಳೆಗಲ್ಲು:
ರೋಮಿನಲ್ಲಿರುವ, ಚಕ್ರವರ್ತಿ ಟ್ರೇಜನ್‌ನ ವಿಜಯಸ್ತಂಭದ ಕೆತ್ತನೆಯಲ್ಲಿ, ಡಾನ್ಯೂಬ್ ನದಿಯ ದಡದ ಕಾವಲುಗೋಪುರಗಳಿಂದ ಹೊರಚಾಚಿದ ಪಂಜುಗಳಿವೆ. ಬ್ರಿಟನ್ನಿನ ಗೋಪುರಗಳಲ್ಲಿ ಒಂದೂ ಪೂರ್ಣ ಎತ್ತರಕ್ಕೆ ಉಳಿದಿಲ್ಲವಾದ್ದರಿಂದ, ಚಿತ್ರಕಾರರು ಆ ಕೆತ್ತನೆಯನ್ನು ನೋಡಿಕೊಂಡೇ ಮೇಲ್ಭಾಗವನ್ನು ಬಿಡಿಸುತ್ತಾರೆ. ಪಕ್ಕದ ಕಿರುಕೋಟೆಗೆ ಎಚ್ಚರಿಕೆ ಕೊಡುವಷ್ಟು ಬೆಂಕಿಯೋ ಕೂಗೋ ಇದ್ದಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೆಲಮಹಡಿಯ ಅಗೆತದಲ್ಲಿ ಸಿಗುವುದು ಒಲೆ, ಬೂದಿ, ಅಡಿಗೆಯ ಮಡಕೆ ಚೂರು: ಕೆಲವೇ ಸೈನಿಕರು ಸರದಿಯ ಮೇಲೆ ಬಂದು ಉಂಡು ಕಾದು ಹೋಗುತ್ತಿದ್ದ ಗುರುತುಗಳು.

ಕೊನೆಯವರೆಗೂ ಕಾಯಲಿಲ್ಲ. ಎರಡನೆಯ ಶತಮಾನದ ಉತ್ತರಾರ್ಧದ ಹೊತ್ತಿಗೆ, ಮುಖ್ಯವಾಗಿ ನಡುಭಾಗದ ಕಡಿದಾದ ಬಂಡೆಗಳ ಮೇಲೆ, ಅನೇಕ ಗೋಪುರಗಳನ್ನು ಕೈಬಿಟ್ಟರು. ಕೆಲವನ್ನು ಕೆಡವಿ, ಗೋಡೆಯೊಳಗಿನ ಅವುಗಳ ಗೂಡನ್ನು ಕಲ್ಲಿನಿಂದ ಮುಚ್ಚಿ ಗೋಡೆಯನ್ನು ಒಂದೇ ದಪ್ಪಕ್ಕೆ ತಂದರು. ಅದಕ್ಕೂ ಮೊದಲೇ, 142ರ ಸುಮಾರಿಗೆ ಸ್ಕಾಟ್ಲೆಂಡಿನಲ್ಲಿ ಎದ್ದ ಆಂಟೊನೈನ್ ಗೋಡೆಯಲ್ಲಿ ಇಂತಹ ಕಲ್ಲುಗೋಪುರಗಳ ಸಾಲು ಕಂಡುಬಂದಿಲ್ಲ. ಹತ್ತಿರದಲ್ಲೇ ದೊಡ್ಡ ಕೋಟೆಗಳಿದ್ದಾಗ 500 ಮೀಟರಿಗೊಂದು ಗೋಪುರಕ್ಕೆ ಆಳುಗಳನ್ನು ಹಂಚುವುದು ದಂಡವೆಂದು ಸೇನೆಗೇ ಅನ್ನಿಸಿರಬೇಕು.